ಶಂಗಾನಿಯ ಗೋರಿಯ ಬಟ್ಟಲುಗಳು

ಶಂಗಾನಿ, ಪಾಟೆ ದ್ವೀಪ
೧೪ ಆಗಸ್ಟ್ ೨೦೧೯

ಪ್ರೀತಿಯ ಮಗಳು ಮ್ವಾನಾಜುಮಾಳಿಗೆ ನಿನ್ನ ಅಪ್ಪನ ಸಲಾಮು, ಮನಸಾರೆ ಹಾರೈಕೆ.

ಕೆಮ್ಮು ಹೋಯಿತೇ? ಆಸ್ಪತ್ರೆಯಲ್ಲಿ ರೋಗಿಗಳಿಗೆಲ್ಲ ಹೊತ್ತುಹೊತ್ತಿಗೆ ಊಟ ಮಾಡಿಸುವವಳು ನೀನು ಮಾತ್ರ ಬರೀ ಚಹಾ ಕುಡಿದು ಮಲಗುತ್ತೀಯಂತೆ, ದೋಣಿಯ ಕೊಂಬೊ ಹೇಳಿದ. ಹಾಗೆ ಮಾಡಬೇಡ. ಮೊಂಬಾಸಾದಲ್ಲಿ ಮೀನಿಗೇನು ಬರವೇ? ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಕಂಡರೆ ಮೊಣಕಾಲು ಮುನಿಸಿಕೊಳ್ಳುತ್ತದೆ, ಅಷ್ಟೇ. ನಮ್ಮ ಕತ್ತೆ ಮರಿ ಹಾಕಿದೆ. ನಿನ್ನ ಅಮ್ಮ ಇದ್ದಿದ್ದರೆ ಮರಿಗೆ ನಿನ್ನ ಅತ್ತೆಯ ಹೆಸರಿಟ್ಟು ಒಂದು ವಾರ ನಗುತ್ತಿದ್ದಳು. ಫೋನು ಮಾಡಬಹುದಿತ್ತು. ಆದರೆ ಸಿಗ್ನಲ್ಲು ಸಿಗುವುದು ನೀರಿನ ತೊಟ್ಟಿಯ ಮೇಲೆ ನಿಂತರೆ ಮಾತ್ರ, ಅಲ್ಲಿಂದ ಕೂಗಿದರೆ ಮಗಳ ಮದುವೆಯ ಮಾತು ಮಸೀದಿಯವರೆಗೂ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ನೀನು ಕೇಳಿದ್ದು ಒಂದೇ ಪ್ರಶ್ನೆ, ಮಿಜಾ ಅಜ್ಜಿ ಮನಸ್ಸು ಬದಲಿಸಿದರೇ ಎಂದು. ಅದಕ್ಕೆ ಬರುತ್ತೇನೆ. ಆದರೆ ಗೋರಿಯ ಕಡೆಯಿಂದ ಸುತ್ತಿಕೊಂಡು ಬರಬೇಕು, ನೇರ ದಾರಿಯಿಲ್ಲ. ಅಥ್ಮಾನನ ಮನೆಯವರು ನಿನ್ನನ್ನು ಕೇಳಲು ಹೋದ ವರ್ಷವೇ ಬರಬೇಕಿತ್ತು. ದೋಣಿ ಕಟ್ಟುವ ಆ ಹುಡುಗನ ತಪ್ಪೇನೂ ಇಲ್ಲ. ಅವನ ಅಜ್ಜಿಯಾದ ಈ ಮಿಜಾ ಅಜ್ಜಿಯೇ ಅವನ ಚಿಕ್ಕಪ್ಪಂದಿರನ್ನು ಹೊಸಿಲು ದಾಟಲು ಬಿಡಲಿಲ್ಲ. “ಗೋರಿ ಬಟ್ಟಲು ಕದ್ದ ಕೇರಿಯಿಂದ ಹೆಣ್ಣು ತರೋದಾ? ನಾನು ಬದುಕಿರೋ ತನಕ ಆಗಲ್ಲ” ಎಂದು ಎಲ್ಲರೆದುರು ಹೇಳಿದ್ದರು. ನಮ್ಮ ಬಾವಿಕೇರಿಯವರೇನು ಕಡಿಮೆಯೇ? ಊರು ಕಟ್ಟಿದ ಹಿರಿಯನ ಕಂಬವಿರುವ ಗೋರಿಯ ಗೋಡೆಗೆ ಗಾರೆ ಹಾಕಿ ಸಾಲಾಗಿ ಕೂರಿಸಿದ್ದ ಪಿಂಗಾಣಿ ಬಟ್ಟಲುಗಳನ್ನೆಲ್ಲ ಕಿತ್ತು ಮಾರಿಕೊಂಡವರು ಅವರ ಕಡಲಕೇರಿಯವರೇ ಎಂದು ತೊಟ್ಟಿಲಲ್ಲೇ ಕೇಳಿ ಬೆಳೆದವರು ನಾವು. ನೀನೂ ಹಾಗೇ ಬೆಳೆದವಳು. ಆಮೇಲೆ ನೀನು ಅಥ್ಮಾನನನ್ನು ನೋಡಿದೆ, ಎಲ್ಲ ಮರೆತೆ. ಇರಲಿ.

ಹೋದ ವಾರ ನೈರೋಬಿಯಿಂದ ವಕೇಶೊ ಎಂಬ ಹುಡುಗಿ ಇಬ್ಬರು ಜೊತೆಗಾರರೊಂದಿಗೆ ಬಂದಿಳಿದಳು. ಈ ಕರಾವಳಿಯ ಹಳೆಯ ಗೋರಿ, ಗೋಡೆ, ಮಸೀದಿ ಎಲ್ಲವನ್ನೂ ಕಡಲು ನುಂಗುವ ಮೊದಲು, ಅತ್ತಿಯ ಬೇರು ಸೀಳುವ ಮೊದಲು, ಸುತ್ತಲಿಂದ ಚಿತ್ರ ತೆಗೆದು ಕಂಪ್ಯೂಟರಿನೊಳಗೆ ಇದ್ದ ಹಾಗೇ ನಿಲ್ಲಿಸುವುದು ಅವಳ ಕೆಲಸ. ಕಾಲೇಜು ಓದಿದವನೆಂದು ಊರವರು ನನ್ನನ್ನೇ ಮುಂದೆ ತಳ್ಳಿದರು. ‘ಐ ಹ್ಯಾವ್ ದಿ ಆನರ್ ಟು ಬಿ’ ಎಂದು ಶುರು ಮಾಡಿದೆ, ಮುಂದಿನದು ನೆನಪಾಗಲಿಲ್ಲ. ಅವಳು ನಮ್ಮ ಮಾತಿನಲ್ಲೇ “ನೆರಳಲ್ಲಿ ಕೂತು ಮಾತಾಡೋಣ ಅಜ್ಜಾ” ಎಂದಳು. ಒಳ್ಳೆಯ ಹುಡುಗಿ. ಬಿಸಿಲು ಚುರುಕಾದರೆ ನೆರಳು ಕಪ್ಪಾಗಿ ಬೀಳುತ್ತದೆಂದು ಮೋಡಕ್ಕಾಗಿ ಕಾಯುತ್ತಿದ್ದಳು. ಮೀನು ಒಣಗಲು ಹರವಿ ಬಿಸಿಲಿಗಾಗಿ ಕಾಯುತ್ತಿದ್ದ ಹೆಂಗಸರಿಗೂ ಅವಳಿಗೂ ದಿನವೂ ಆಕಾಶದ ವಿಷಯದಲ್ಲಿ ತಮಾಷೆಯ ಜಗಳ. ಗೋರಿಯನ್ನು ಕಂಪ್ಯೂಟರಿನ ತೆರೆಯ ಮೇಲೆ ತಿರುಗಿಸಿ ತೋರಿಸಿದಾಗ ಮಾತ್ರ ಎಲ್ಲರೂ ಜಗಳ ಬಿಟ್ಟು ಸುತ್ತ ನೆರೆದರು. ಕಂಬದ ಒಂದೊಂದು ಬಿರುಕೂ ಕಂಡಿತು. ಬಟ್ಟಲು ಕಿತ್ತ ಗುಳಿಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಂಡವು.

ಮನೆಯಲ್ಲಿ ಹಳೆಯ ಸಾಮಾನಿದ್ದರೆ ತನ್ನಿ, ಚಿತ್ರ ತೆಗೆದು ನಿಮ್ಮ ಕೈಗೇ ಕೊಡುತ್ತೇನೆ ಎಂದು ಅವಳು ಮಸೀದಿಯ ಮೈಕಿನಲ್ಲಿ ಹೇಳಿಸಿದಳು. ಯಾರೂ ಬರಲಿಲ್ಲ. ಹಾಗೆ ಹೇಳಿ ಒಯ್ದವರು ಹಿಂದೆ ಎಷ್ಟು ಮಂದಿ! ಕೊನೆಗೆ ಬಂದವರು ಮಿಜಾ ಅಜ್ಜಿ. ಕಾಂಗಾ ಬಟ್ಟೆಯಲ್ಲಿ ಸುತ್ತಿದ ಬಟ್ಟಲನ್ನು ಮೇಜಿನ ಮೇಲಿಟ್ಟು, “ನಮ್ಮಮ್ಮ ಮದುವೆಯಾಗಿ ಬಂದಾಗ ತಂದಿದ್ದು. ಕಡಲಕೇರೀದು ಅಂತ ದೊಡ್ಡಕ್ಷರದಲ್ಲಿ ಬರ್ಕೊ ಮಗಳೇ. ಕದ್ದ ಮಾಲಲ್ಲ” ಎಂದು ನಮ್ಮ ಕೇರಿಯವರ ಕಡೆ ಒಂದು ನೋಟ ಬಿಟ್ಟರು. ಹಾಲಿನಂಥ ಬಿಳುಪು, ನೀಲಿ ಬಳ್ಳಿ, ಅಂಚಿನಲ್ಲಿ ಒಂದು ಚೂರು ಮುಕ್ಕು. ವಕೇಶೊ ಅದನ್ನು ಕಪ್ಪು ಬಟ್ಟೆ ಹಾಸಿದ ತಿರುಗುಮಣೆಯ ಮೇಲಿಟ್ಟು ಚಿತ್ರ ತೆಗೆದಳು, ಮಗುಚಿ ಹಾಕಿ ಮತ್ತೆ ತೆಗೆದಳು. ಬಟ್ಟಲಿನ ಬುಡದಲ್ಲಿ ಗಾರೆ ಮೆತ್ತಿತ್ತು. ಏನೂ ಅರಿಯದ ಹುಡುಗಿ, ಖುಷಿಯಿಂದ ತೆರೆಯ ಮೇಲೆ ಬಟ್ಟಲನ್ನು ಎಳೆದು ಗೋರಿಯ ಒಂದು ಗುಳಿಗೆ ತಂದಳು. ಪಾತ್ರೆಗೆ ಅದರದೇ ಮುಚ್ಚಳ ಕೂತಂತೆ ಕೂತಿತು. ಅಂಚಿನ ಮುಕ್ಕಿಗೆ ಸರಿಯಾದ ಚೂರು ಗುಳಿಯ ಗಾರೆಯಲ್ಲೇ ಅಂಟಿಕೊಂಡಿತ್ತು.

ಎರಡು ಕೇರಿಯವರೂ ತೆರೆಯತ್ತ ಬಗ್ಗಿದರು. ಆಮೇಲೆ ನಮ್ಮ ಗಾರೆ ಕೆಲಸದ ಬಕಾರಿ, ಅವನ ನಾಲಗೆ ನಿನಗೆ ಗೊತ್ತಲ್ಲ, “ಅಜ್ಜೀ, ನಿಮ್ಮಮ್ಮ ಮದುವೆಯಾಗಿ ಬಂದದ್ದು ಗೋರಿಯಿಂದಲಾ?” ಎಂದ. ಬಾವಿಕೇರಿ ಇಡೀ ನಕ್ಕಿತು. ಮಿಜಾ ಅಜ್ಜಿ ಬಟ್ಟಲನ್ನು ಬಟ್ಟೆಗೆ ಸುತ್ತಲು ಹೋದರು, ಗಂಟು ಬೀಳಲಿಲ್ಲ. ನಾನು ನಗುತ್ತಿದ್ದವನು ನಿಲ್ಲಿಸಿದೆ. ಇವರು ಹೀಗೆ ತಲೆ ತಗ್ಗಿಸಿ ಮನೆಗೆ ಹೋದರೆ ನಮ್ಮ ಕೇರಿ ಗೆದ್ದಂತೆ, ನಿನ್ನ ಮದುವೆ ಮುರಿದಂತೆ. ಅದೇ ಹೊತ್ತಿಗೆ ಇನ್ನೊಂದು ವಿಷಯ ಎದೆಗೆ ಹೊಡೆಯಿತು. ರಂಜಾನಿನಲ್ಲಿ ನಿನ್ನ ಅಮ್ಮ ನನಗೆ ಗಂಜಿ ಹಾಕಿಕೊಡುತ್ತಿದ್ದ ಹಸಿರು ಬಟ್ಟಲು. ಅದರ ಬುಡ ಅಂಗೈಯನ್ನು ತರಚುತ್ತಿತ್ತು. ತಿಕ್ಕಿ ತೊಳೆಯಬಾರದೇ ಎಂದರೆ “ನಮ್ಮಜ್ಜಿ ತಿಕ್ಕಬೇಡ ಅಂದಿದ್ದಾರೆ, ಸುಮ್ನೆ ಕುಡೀರಿ” ಎನ್ನುತ್ತಿದ್ದಳು.

ಮನೆಗೆ ಹೋಗಿ ತಂದೆ. ದಾರಿಯಲ್ಲಿ ಬಕಾರಿ ತೋಳು ಹಿಡಿದು, ಬೇಡ ಮಾವ, ಮಾನ ಕಳೆಯಬೇಡ ಎಂದು ಪಿಸುಗುಟ್ಟಿದ. ಎಲ್ಲರ ಮುಂದೆ ಅದನ್ನು ಅಜ್ಜಿಯ ಬಟ್ಟಲಿನ ಪಕ್ಕ ಇಟ್ಟೆ. ವಕೇಶೊ ಚಿತ್ರ ತೆಗೆದು ತೆರೆಯ ಮೇಲೆ ಎಳೆದಳು. ಪಕ್ಕದ ಗುಳಿಗೇ ಹೋಗಿ ಕೂತಿತು. ಮಿಜಾ ಅಜ್ಜಿ ತೆರೆ ನೋಡಿದರು, ನನ್ನನ್ನು ನೋಡಿದರು. “ನಿಮ್ಮದು ನಮ್ಮದಕ್ಕಿಂತ ಚಿಕ್ಕದು ಶೇಬ್ವಾನಾ” ಎಂದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ, ಆದರೆ ಈ ಸಲ ಎರಡೂ ಕೇರಿಗಳು ನಕ್ಕವು.

ಮರುದಿನ ಜಾತ್ರೆಯೇ ನೆರೆಯಿತು. ಬುರ್ಖಾದೊಳಗಿಂದ, ಬುಟ್ಟಿಯೊಳಗಿಂದ, ಅಕ್ಕಿಯ ಡಬ್ಬದೊಳಗಿಂದ ಬಟ್ಟಲುಗಳು ಹೊರಬಂದವು. ಒಂದರಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವಂತೆ. ಬಕಾರಿಯ ಹೆಂಡತಿಯೂ ಒಂದು ತಂದಳು, ಅವನು ಆ ದಿನ ಹೊರಗೆ ಬರಲೇ ಇಲ್ಲ. ಎಲ್ಲವುಗಳ ಬುಡದಲ್ಲೂ ಅದೇ ಗಾರೆ, ಯಾವುದಕ್ಕೂ ಉಳಿಯ ಏಟಿನ ಗುರುತಿಲ್ಲ. ಕಳ್ಳರು ಇಷ್ಟು ನಾಜೂಕಾಗಿ ಕೀಳುವುದಿಲ್ಲ ಎಂದಳು ವಕೇಶೊ. ಆಗ ಮಿಜಾ ಅಜ್ಜಿಗೆ ಏನೋ ನೆನಪಾಯಿತು: ಹಡಗಿನವರು ಬಂದು ಬೇರೆ ಊರುಗಳ ಗೋರಿ ಕೆತ್ತಿ ಬಟ್ಟಲು ಒಯ್ಯುತ್ತಿದ್ದ ಕಾಲದ ಮಾತನ್ನು ಅವರ ತಾಯಿ ಹೇಳುತ್ತಿದ್ದರಂತೆ. ಎರಡು ಕೇರಿಯ ಹೆಂಗಸರೂ ಸೇರಿ ಮನೆಗೊಂದರಂತೆ ಬಚ್ಚಿಟ್ಟಿರಬೇಕು ಎಂಬುದು ನಮ್ಮ ಊಹೆ. ಗಂಡಸರಿಗೆ ಹೇಳಲಿಲ್ಲ. ನಮ್ಮ ಬಾಯಿಯ ಮೇಲೆ ಅವರಿಗಿದ್ದ ನಂಬಿಕೆ ಅಷ್ಟು.

ಈಗ ಬಟ್ಟಲುಗಳನ್ನು ಗೋಡೆಗೆ ಮತ್ತೆ ಅಂಟಿಸುವುದೇ ಎಂಬ ಮಾತು ಬಂತು. “ಹಾಗಾದ್ರೆ ನಾನು ಗಂಜಿ ಕುಡಿಯೋದು ಯಾವುದ್ರಲ್ಲಿ?” ಎಂದರು ಅಜ್ಜಿ. ಅಲ್ಲಿಗೆ ತೀರ್ಮಾನವಾಯಿತು. ಕಂಪ್ಯೂಟರಿನಲ್ಲಿ ಗೋರಿ ತುಂಬಿಕೊಂಡು ನಿಂತಿದೆ, ಬಟ್ಟಲುಗಳು ಮನೆಮನೆಗೆ ಮರಳಿವೆ. ಒಂದೇ ಒಂದು ಗುಳಿ ಖಾಲಿ. ಅದರ ಬಟ್ಟಲು ಮೌಲ್ವಿಗಳ ಮನೆಯಲ್ಲೇ ಇದೆಯೆಂದು ಎರಡು ಕೇರಿಯವರೂ ಒಟ್ಟಾಗಿ ಅನುಮಾನಿಸುತ್ತಿದ್ದಾರೆ. ಇಂಥ ಒಗ್ಗಟ್ಟನ್ನು ನಾನು ನನ್ನ ಆಯಸ್ಸಿನಲ್ಲಿ ನೋಡಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನ ಕೈಗೆ ತಂಪು, ಕಾಲಿಗೆ ಬಲ ಕೊಡಲಿ.

ನಿನ್ನ ಅಪ್ಪ,
ಶೇಬ್ವಾನಾ

ತಾ.ಕ.: ಕೊಂಬೊ ದೋಣಿ ಬಿಡುತ್ತೇನೆಂದು ಕೂಗುತ್ತಿದ್ದಾನೆ, ಬರೆಯಬೇಕಾದದ್ದನ್ನೇ ಬರೆದಿಲ್ಲ. ಇವತ್ತು ಬೆಳಿಗ್ಗೆ ಮಿಜಾ ಅಜ್ಜಿ ಅಥ್ಮಾನನ ಚಿಕ್ಕಪ್ಪಂದಿರನ್ನು ಹೊರಡಿಸಿಕೊಂಡು ನಮ್ಮ ಜಗಲಿಗೆ ಬಂದು ನಿನ್ನನ್ನು ಕೇಳಿದರು. “ಕಳ್ಳರ ಮನೆಗೆ ಕಳ್ಳರ ಮನೆಯಿಂದ್ಲೇ ಹೆಣ್ಣು ತರ್ಬೇಕು, ಇಲ್ದಿದ್ರೆ ಹೊಂದಿಕೆ ಆಗಲ್ಲ” ಎಂದರು. ನಿನ್ನನ್ನು ಕೇಳದೆ ಹೂಂ ಅನ್ನಲಾರೆ ಎಂದೆ. “ಕೇಳಿ, ನಾನು ಕಾಯ್ತೀನಿ” ಎಂದು ಕೂತವರು ಎದ್ದಿಲ್ಲ. ಮೂರನೇ ಸಲ ಕಾಫಿ ಆಯಿತು. ರಜೆ ಹಾಕಿ ಬೇಗ ಬಾ ಮಗಳೇ, ಮನೆಯಲ್ಲಿ ಸಕ್ಕರೆ ಮುಗಿಯುತ್ತಿದೆ.