ಬಾಯಿಗೆ ಬೀಗ ಹಾಕಿ ಕಳಿಸಿದವರಿಗೆ

ನಿವೃತ್ತ ಸೈನಿಕರಿಗೆ ಹೊಸ ಉದ್ಯೋಗದ ದಾರಿ ತೋರಿಸುವ ಕಚೇರಿಯ ಮುಖ್ಯಸ್ಥರೇ,

‘ಮಾನ್ಯರೇ’ ಎಂದು ಶುರುಮಾಡಬೇಕೆಂಬ ಶಿಷ್ಟಾಚಾರ ನನಗೆ ಗೊತ್ತು. ಇಪ್ಪತ್ತು ವರ್ಷ ಸೆಲ್ಯೂಟ್ ಹೊಡೆದವನಿಗೆ ಅದೇನು ಕಷ್ಟವಲ್ಲ. ಆದರೆ ಮೊದಲು ದೂರು, ಮರ್ಯಾದೆ ಆಮೇಲೆ. ವಾಯುಪಡೆಯಲ್ಲಿ ರೇಡಾರ್ ರಿಪೇರಿ ಮಾಡುತ್ತಿದ್ದ ನನ್ನನ್ನು ನೀವು ಒಮಾನಿನಲ್ಲಿ ಗೇಟು ಕಾಯುವವನನ್ನಾಗಿ ಮಾಡಿದ್ದೀರಿ. ಇದು ನಿಮ್ಮ ಕೆಲಸದ ಫಲ, ನನ್ನ ಹಣೆಬರಹವಲ್ಲ.

ನಮ್ಮನ್ನು ಬೀಳ್ಕೊಡುವ ಮುನ್ನ ನಿಮ್ಮ ಕಚೇರಿ ಒಂದು ತರಬೇತಿ ನಡೆಸಿತ್ತು. ಟೈ ಕಟ್ಟುವುದು ಹೇಗೆ, ಕೈಕುಲುಕುವುದು ಹೇಗೆ, ಎಷ್ಟು ನಗಬೇಕು ಎಂದೆಲ್ಲ ಹೇಳಿಕೊಟ್ಟಿರಿ. ನಾನೆದ್ದು, “ಸರ್, ಇಂಟರ್‌ವ್ಯೂನಲ್ಲಿ ನಮ್ಮ ಕೆಲಸದ ಬಗ್ಗೆ ಎಷ್ಟು ಹೇಳಬಹುದು?” ಎಂದು ಕೇಳಿದೆ. “ಸೇವೆಯ ಗುಟ್ಟು ಸಾಯುವತನಕ ಗುಟ್ಟು” ಎಂದು ನಿಮ್ಮವರು ಗುಡುಗಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆಮೇಲೆ ಇಲ್ಲಿ ಒಮಾನಿನ ಖುರುಮ್‌ನಲ್ಲಿರುವ ಕಂಪೆನಿಯೊಂದು ಟೆಕ್ನೀಶಿಯನ್ ಹುದ್ದೆಗೆ ಕರೆಯಿತು. ಎದುರಿಗೆ ಮಲಯಾಳಿ ಮ್ಯಾನೇಜರ್ ಮ್ಯಾಥ್ಯೂ, ಪಕ್ಕದಲ್ಲಿ ಲಾಹೋರಿನ ಎಂಜಿನಿಯರ್ ಒಬ್ಬರು.

“ಯಾವ ಉಪಕರಣ ರಿಪೇರಿ ಮಾಡ್ತಿದ್ರಿ?” ಎಂದರು ಮ್ಯಾಥ್ಯೂ.

“ಹೇಳುವಂತಿಲ್ಲ ಸರ್.”

“ಎಂಥಾ ದೋಷ ಬರ್ತಿತ್ತು?”

“ಅದೂ ಹೇಳುವಂತಿಲ್ಲ.”

ಲಾಹೋರಿನವರ ಕಡೆ ನಾನು ತಲೆಯೆತ್ತಿಯೂ ನೋಡಿರಲಿಲ್ಲ. ಅವರೇ ನಕ್ಕು ಹಿಂದಿಯಲ್ಲಿ ಹೇಳಿದರು: “ಬಿಡಿ ಭಾಯ್, ನಮ್ಮಣ್ಣನೂ ಫೌಜಿ. ಹೀಗೇ ಬಾಯಿ ಮುಚ್ಚಿಕೊಂಡು ಶಾರ್ಜಾದಲ್ಲಿ ಗೇಟ್ ಕಾಯ್ತಿದ್ದಾನೆ.” ಯಾರ ಕಿವಿಗೆ ಬೀಳಬಾರದೆಂದು ನಾನು ಬಾಯಿ ಮುಚ್ಚಿದ್ದೆನೋ ಅವರಿಗೆ ನನ್ನ ಮೇಲೆ ಕನಿಕರ, ಯಾರ ಮಾತು ಕೇಳಿ ಮುಚ್ಚಿದ್ದೆನೋ ಆ ನಿಮಗೆ ನನ್ನ ಗೊಡವೆಯೇ ಇಲ್ಲ. ನನಗೆ ಅಳು ಬಂದಿತ್ತು, ಸ್ವಾಮಿ.

ಆ ಹುದ್ದೆ ಸಿಗಲಿಲ್ಲ; ಆದರೆ ಮಾಜಿ ಸೈನಿಕ, ನಂಬಿಕಸ್ಥ ಎಂದು ಅದೇ ಕಂಪೆನಿ ನನ್ನನ್ನು ಇಬ್ರಿ ಎಂಬ ಊರಿನ ತನ್ನ ಯಾರ್ಡಿಗೆ ಕಾವಲಿಗೆ ಹಾಕಿತು. ಉಪಕರಣಗಳ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಬಾಗಿಲು ತೆರೆದುಕೊಟ್ಟು ಹೊರಗೆ ನಿಲ್ಲುವುದು ನನ್ನ ಕೆಲಸ. ಹೆಂಡತಿ ಇವ್ಲಿನ್ ಉಡುಪಿಯಿಂದ ಫೋನು ಮಾಡಿ ಕೇಳುತ್ತಾಳೆ: “ನಿಮಗೆ ಬಾಯಿ ಇರುವುದು ಊಟ ಮಾಡ್ಲಿಕ್ಕೆ ಮಾತ್ರವಾ? ಸ್ವಲ್ಪ ಹೇಳಿದ್ರೆ ಎಂತ ಆಗ್ತಿತ್ತು?” ಆ ‘ಸ್ವಲ್ಪ’ ಎಷ್ಟು ಎಂಬುದೇ ನನಗೆ ಗೊತ್ತಿಲ್ಲವಲ್ಲ ಮಾರಾಯ್ತಿ ಎಂದು ರೇಗುತ್ತೇನೆ. ರೇಗಬೇಕಾದದ್ದು ನಿಮ್ಮ ಮೇಲೆ.

ಎಷ್ಟು ಹೇಳಬಹುದೆಂದು ನಿಮಗೂ ಬರೆದು ಕೇಳಿದೆ. ಉತ್ತರವಾಗಿ ಬಂದದ್ದು ಬ್ಯಾಂಕು, ಮಾಲ್‌ಗಳಲ್ಲಿ ಖಾಲಿಯಿರುವ ಸೆಕ್ಯುರಿಟಿ ಕೆಲಸಗಳ ವಿವರ. ವಿಮಾನ ಕಾಣುವ ಯಂತ್ರ ಸರಿಮಾಡಿದವನಿಗೂ ಬಂದೂಕು ಹೊತ್ತವನಿಗೂ ನಿಮ್ಮಲ್ಲಿರುವುದು ಒಂದೇ ಕುರ್ಚಿ, ಅದು ಗೇಟಿನ ಪಕ್ಕದ್ದೇ?

ಬರುವ ತಿಂಗಳು ಅದೇ ಟೆಕ್ನೀಶಿಯನ್ ಹುದ್ದೆಗೆ ಮತ್ತೆ ಇಂಟರ್‌ವ್ಯೂ ಇದೆ. “ಈ ಸಲವಾದ್ರೂ ಏನಾದ್ರೂ ಹೇಳಿ ಆಸ್ವಾಲ್ಡ್. ಇದು ತಪ್ಪಿದ್ರೆ ಖಲಾಸ್” ಎಂದಿದ್ದಾರೆ ಮ್ಯಾಥ್ಯೂ. ದೇವರು ವರ ಕೊಟ್ಟಾಗಿದೆ, ಇನ್ನು ಪೂಜಾರಿ ಕೊಡಬೇಕು. ನಮ್ಮಂಥವರು ಏನು ಹೇಳಬಹುದು, ಏನು ಹೇಳಬಾರದು ಎಂಬುದನ್ನು ಸಾಮಾನ್ಯರಿಗೆ ತಿಳಿಯುವ ಮಾತಿನಲ್ಲಿ ಬರೆದು, ಸಹಿ ಹಾಕಿ, ಅಷ್ಟರೊಳಗೆ ಕಳಿಸಿ. ಇದು ಬೇಡಿಕೆ, ಬಿನ್ನಹವಲ್ಲ.

ಕಳಿಸದಿದ್ದರೆ? ಹೆದರಬೇಡಿ, ನಾನು ಗುಟ್ಟು ಬಿಟ್ಟುಕೊಡುವುದಿಲ್ಲ. ಮತ್ತೆ “ಹೇಳುವಂತಿಲ್ಲ ಸರ್” ಎಂದು ಎದ್ದು ಗೇಟಿಗೆ ಮರಳುತ್ತೇನೆ. ಅದು ಗೊತ್ತಿರುವುದರಿಂದಲೇ ನೀವು ಇಷ್ಟು ನಿಶ್ಚಿಂತೆಯಿಂದ ಇದ್ದೀರಿ.

ಇಂತಿ,
ನಿಮ್ಮ ಗುಟ್ಟನ್ನೂ ಕಂಪೆನಿಯ ಗೇಟನ್ನೂ ಕಾಯುತ್ತಿರುವ
ಆಸ್ವಾಲ್ಡ್, ಇಬ್ರಿ