ಆರಿಕೆ ಬಿಡಬೇಡಿ

ತ್ರಾಸಿ ಇಳಿಜಾರು,
ರಸ್ತೆ ಮುಳುಗಿದ ತೊಂಬತ್ತೆರಡನೆಯ ವರ್ಷ, ದೊಡ್ಡ ಉಬ್ಬರ ಕಳೆದು ಹದಿನೇಳನೆಯ ದಿನ. (ಹಳೆಯ ಲೆಕ್ಕದಲ್ಲಿ ಎರಡು ಸಾವಿರದ ನೂರ ಎಪ್ಪತ್ತೊಂದು.)

ಇನ್ನೂ ಹುಟ್ಟದೆ ಇರುವ, ಮುಂದೆ ಇದೇ ಇಳಿಜಾರಿನಲ್ಲಿ ಗಾಲಿ ಕಾಯುವ ಮಕ್ಕಳಿಗೆ,

ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಮ್ಮಜ್ಜಿ ಕಾಲದ ಕಾಗದಗಳು ನನಗೂ ಅರ್ಧ ಮಾತ್ರ ತಿಳಿಯುತ್ತವೆ. ಟೋಲ್ ಗೇಟು, ಪೆಟ್ರೋಲ್ ಬಂಕು ಅಂತೆಲ್ಲ ಅದರಲ್ಲಿ ಬರುತ್ತದೆ. ಆದ್ದರಿಂದ ನಾನು ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ಬೇಸರವಾದರೂ ಕೊನೆಯವರೆಗೆ ಓದಿ. ನಾನು ಹಿಂದೆ ಹೇಳಿದ ಒಂದು ಸುಳ್ಳಿನ ವಿಷಯ ಇದರಲ್ಲಿದೆ, ಆ ಸುಳ್ಳನ್ನು ನಂಬಿದರೆ ನಿಮ್ಮ ಕಾಲದಲ್ಲೂ ಜನ ಸಾಯುತ್ತಾರೆ.

ನನ್ನ ಹೆಸರು ಗುಲಾಬಿ ಖಾರ್ವಿ. ನಲವತ್ತು ವರ್ಷ ಈ ಇಳಿಜಾರಿನ ಶೆಡ್ಡಿನಲ್ಲಿ ನೀರ್ಗಾಡಿಗಳ ಗಾಲಿ ನೋಡಿಕೊಂಡೆ. ನೀರ್ಗಾಡಿ ಎಂದರೆ ನೆಲದ ಮೇಲೆ ಕಾರಿನಂತೆ ಓಡಿ, ನೀರಿಗಿಳಿದು ದೋಣಿಯಂತೆ ತೇಲಿ, ಆಚೆ ದಡದಲ್ಲಿ ಮತ್ತೆ ಗಾಲಿಯ ಮೇಲೆ ಹತ್ತುವ ಬಂಡಿ. ತ್ರಾಸಿ ಗುಡ್ಡೆಗೂ ಕೋಟೇಶ್ವರದ ದಿಬ್ಬಕ್ಕೂ ನಡುವೆ ಹಳೆಯ ಹೆದ್ದಾರಿ ನೀರಿನಡಿಯಲ್ಲಿದೆ. ಹಾಲು, ಮೀನು, ಶಾಲೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಎಲ್ಲರೂ ಈ ಬಂಡಿಗಳಲ್ಲೇ ದಾಟಬೇಕು. ದೂರದಿಂದ ನೋಡಿದವರಿಗೆ ಬಂಡಿಯ ಹೊಟ್ಟೆಗೆ ನೀರು ನುಗ್ಗುವುದೇ ದೊಡ್ಡ ಭಯ. ಅದನ್ನು ಪಂಪು ಹಾಕಿ ಎತ್ತಿ ಚೆಲ್ಲಬಹುದು. ನಮ್ಮ ಭಯ ಗಾಲಿಯ ನಡುವಿನ ಹಬ್ಬಿನೊಳಗೆ ಕೂತ ಬೇರಿಂಗಿನದು. ಅಲ್ಲಿಗೆ ಒಂದು ಚಮಚ ಉಪ್ಪುನೀರು ಹೋದರೆ ಗ್ರೀಸು ಮಜ್ಜಿಗೆಯಂತಾಗುತ್ತದೆ. ಹತ್ತು ದಿನದಲ್ಲಿ ಉಕ್ಕಿನ ರೋಲರು ತುಕ್ಕು ಹಿಡಿಯುತ್ತದೆ. ಆಮೇಲೆ ಒಂದು ದಿನ ಗಾಲಿ ತಿರುಗುವುದನ್ನೇ ನಿಲ್ಲಿಸುತ್ತದೆ.

ನೀರು ಒಳಗೆ ಹೋಗದಂತೆ ಹಬ್ಬಿನ ಹಿಂದೆ ರಬ್ಬರಿನ ಬಳೆಯಂಥ ಸೀಲು ಇರುತ್ತದೆ. ಆದರೆ ಸೀಲನ್ನು ನಂಬಿ ಕೂತರೆ ಕೆಟ್ಟೆವು. ಗುಡ್ಡೆ ಇಳಿದು ಬಂದ ಬಂಡಿಯ ಹಬ್ಬು ಕೈ ಸುಡುವಷ್ಟು ಬಿಸಿಯಾಗಿರುತ್ತದೆ, ಒಳಗಿನ ಗಾಳಿಯೂ ಕಾದು ಹಿಗ್ಗಿರುತ್ತದೆ. ಹಾಗೇ ತಣ್ಣೀರಿಗೆ ಇಳಿಸಿದರೆ ಆ ಗಾಳಿ ಒಮ್ಮೆಲೇ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಎಂಥ ಒಳ್ಳೆಯ ಸೀಲಿನ ತುಟಿಯೂ ಒಂದು ಗಳಿಗೆ ಸಡಿಲವಾಗಿ ನೀರು ಬಿಟ್ಟುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಹೊರಗೆ ಯಾವ ಗುರುತೂ ಉಳಿಯುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಆರಿಕೆ ಎಂಬ ಪದ್ಧತಿ ಮಾಡಿದರು. ಬಂಡಿ ಇಳಿಜಾರಿನ ತಲೆಯಲ್ಲಿ ಅರ್ಧ ಗಂಟೆ ನಿಲ್ಲಬೇಕು. ಗಾಲಿ ಕಾಯುವವಳು ನಾಲ್ಕೂ ಹಬ್ಬಿಗೆ ಅಂಗೈ ಒತ್ತಿ, ಬಿಸಿ ಆರಿದೆ ಎಂದರೆ ಮಾತ್ರ ಇಳಿಯಬೇಕು. ಅಪ್ಪಿತಪ್ಪಿ ಬಿಸಿಯಲ್ಲೇ ಇಳಿದ ಬಂಡಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಹಬ್ಬು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬುವವರೆಗೆ ಅದು ಕದಲುವಂತಿಲ್ಲ. ಕೆಂಪು ಬಟ್ಟೆ ಡ್ರೈವರನಿಗೂ ಗಾಲಿಯವಳಿಗೂ ಅವಮಾನ. ಆ ಬಂಡಿಯ ಮುಂದೆ ಹಾದು ಹೋಗುವವರು ಮಾತಾಡಿಸುವುದೂ ಇಲ್ಲ. ಹೀಗೆ ಅವಮಾನ ಮಾಡಿದ್ದೇ ನಮ್ಮ ಹಿರಿಯರ ತಪ್ಪು ಎಂದು ಈಗ ನನಗನ್ನಿಸುತ್ತದೆ.

ಇಪ್ಪತ್ತೇಳು ವರ್ಷದ ಹಿಂದೆ, ಒಂದು ಮಧ್ಯಾಹ್ನ, ನನ್ನ ತಮ್ಮ ಸಂಜೀವ ತನ್ನ ಬಂಡಿಯನ್ನು ಗುಡ್ಡೆಯಿಂದ ಓಡಿಸಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ಹಾವು ಕಚ್ಚಿದ ಆರು ವರ್ಷದ ಹುಡುಗಿ, ಅವಳ ಅಪ್ಪ. ಔಷಧಿ ಇದ್ದದ್ದು ಕೋಟೇಶ್ವರದ ಆಸ್ಪತ್ರೆಯಲ್ಲಿ. ನಾನು ಹಬ್ಬು ಮುಟ್ಟಿ ಕೈ ಹಿಂದೆಳೆದುಕೊಂಡೆ.

"ಅಕ್ಕ, ಈಗ ಕಾದ್ರೆ ಮಗು ಉಳೂದಿಲ್ಲೆ" ಅಂದ ಸಂಜೀವ.

ನಾನು ಇಳಿಜಾರಿನ ದಾರಿಗೆ ಹಾಕಿದ್ದ ಅಡ್ಡಗಂಬ ಎತ್ತಿದೆ. ಅದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ನಿಮ್ಮ ಮುಂದೆ ಅಂಥ ಮಗು ಬಂದರೆ ನೀವೂ ಎತ್ತಿ.

ಹುಡುಗಿ ಬದುಕಿದಳು. ಸಂಜೆ ಬಂಡಿ ಮರಳಿದಾಗ ಅದರ ಮೂತಿಗೆ ಸೇವಂತಿಗೆ ಹಾರ ಹಾಕಿದ್ದರು. ಶೆಡ್ಡಿನ ಮುಂದೆ ಜನ ಸೇರಿದ್ದರು, ಸಂಜೀವನ ಹೆಗಲು ತಟ್ಟುತ್ತಿದ್ದರು. ಬಂಡಿ ಬಿಸಿಯಲ್ಲೇ ಇಳಿದದ್ದು ಅವರಾರಿಗೂ ಗೊತ್ತಿರಲಿಲ್ಲ. ನನ್ನ ಕೈಯಲ್ಲಿ ಕೆಂಪು ಬಟ್ಟೆ ಇತ್ತು. ಆ ಹಾರದ ಪಕ್ಕದಲ್ಲಿ ಅದನ್ನು ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಹಬ್ಬಿನ ಹಿಂಬದಿ ಒರೆಸಿ ನೋಡಿದೆ, ಒಣಗಿತ್ತು. ನಾಳೆ ಬಿಚ್ಚೋಣ ಅಂದುಕೊಂಡೆ. ನಾಳೆ ಮೀನಿನ ಸಂತೆ, ನಾಡಿದ್ದು ಇನ್ನೇನೋ. ಮೈಗಳ್ಳತನಕ್ಕೆ ನೆಪ ಹುಡುಕಬೇಕೆ? ಹಾಗೇ ಹತ್ತು ದಿನ ಕಳೆಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ, ಕೋಟೇಶ್ವರದ ಇಳಿಜಾರು ಹತ್ತುವಾಗ ಬಂಡಿಯ ಹಿಂದಿನ ಬಲಗಾಲಿ ತಿರುಗದೆ ಕಚ್ಚಿಕೊಂಡಿತು. ಉಬ್ಬರ ಏರುತ್ತಿತ್ತು. ಅರ್ಧ ನೀರಿನಲ್ಲಿ, ಅರ್ಧ ನೆಲದಲ್ಲಿ ನಿಂತ ಬಂಡಿಯನ್ನು ಅಲೆ ಅಡ್ಡ ತಿರುಗಿಸಿ ಮಗುಚಿ ಹಾಕಿತು. ಸಂಜೀವ ಏಳು ಜನರನ್ನು ಹೊರಗೆ ತಳ್ಳಿದ. ಮೀನು ಮಾರುವ ಪಾರ್ವತಿ ಎಂಬ ಹೆಂಗಸನ್ನು ಎಳೆಯಲು ಮತ್ತೆ ಒಳಗೆ ಹೋದವನು ಬರಲಿಲ್ಲ. ಅವಳೂ ಬರಲಿಲ್ಲ.

ಬಂಡಿಯನ್ನು ಎಳೆದು ತಂದಾಗ ಹಬ್ಬು ಬಿಚ್ಚಿದವಳು ನಾನೇ. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಒಳಗೆಲ್ಲ ಮಜ್ಜಿಗೆ, ರೋಲರಿನ ಮೇಲೆ ಹಳೆಯ ತುಕ್ಕು. ಅದು ಅವತ್ತಿನ ನೀರಲ್ಲ ಎಂದು ಕಣ್ಣಿದ್ದ ಯಾರಿಗಾದರೂ ಗೊತ್ತಾಗುತ್ತಿತ್ತು. ಬಿಸಿಯಲ್ಲಿ ಇಳಿಸಿದ ಡ್ರೈವರ್ ಎಂಬ ಹೆಸರು ಸತ್ತ ನನ್ನ ತಮ್ಮನಿಗೆ ಬರುವುದು ನನಗೆ ಬೇಡವಾಗಿತ್ತು. ನನಗೂ ಕೆಟ್ಟ ಹೆಸರು ಬರುವುದು ಬೇಡವಾಗಿತ್ತು, ಅದನ್ನೂ ಬರೆಯುತ್ತೇನೆ. ಸೀಮೆಎಣ್ಣೆ ಹಾಕಿ ಎಲ್ಲ ತೊಳೆದೆ. ಇಳಿಜಾರಿನ ಸಮಿತಿಯವರು ಕೇಳಿದಾಗ, ಸೀಲು ಸೋರಿತು ಅಂದೆ.

ಸೀಲು ಮಾಡುತ್ತಿದ್ದವರು ಮಾಧವ ಶೇರಿಗಾರರು. ಗುಡ್ಡೆಯ ಮೇಲೆ ಪುಟ್ಟ ಅಂಗಡಿ. ಒಂದೊಂದು ಸೀಲನ್ನೂ ಬೆರಳಲ್ಲಿ ಸುತ್ತ ಬಗ್ಗಿಸಿ ನೋಡದೆ ಕೊಟ್ಟವರಲ್ಲ. ಸಮಿತಿಯವರು ಆ ಸೀಲನ್ನು ಅವರ ಮುಂದೆ ಎಸೆದರು. ಅವರು ಎತ್ತಿಕೊಂಡು ತಿರುಗಿಸಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಸೀಲನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟುಕೊಂಡರು. ಮರುದಿನದಿಂದ ಅಂಗಡಿ ತೆರೆಯಲಿಲ್ಲ. ಎಂಟು ವರ್ಷ ಬದುಕಿದ್ದು ತೀರಿಕೊಂಡರು. ನಾನು ಸಾವಿಗೂ ಹೋಗಲಿಲ್ಲ.

ಸುಳ್ಳು ಅಲ್ಲಿಗೇ ಮುಗಿದಿದ್ದರೆ ನಾನು ಅದನ್ನು ಹೊತ್ತುಕೊಂಡೇ ಸಾಯುತ್ತಿದ್ದೆನೋ ಏನೋ. ಆದರೆ ಪ್ರತಿ ವರ್ಷ ಮಳೆಗಾಲ ಮುಗಿದು ಬಂಡಿಗಳು ನೀರಿಗಿಳಿಯುವ ಮೊದಲು ಆ ಅಪಘಾತದ ವರದಿಯನ್ನು ಹೊಸಬರಿಗೆ ಓದಿ ಹೇಳುತ್ತಾರೆ. ಇಪ್ಪತ್ತೇಳು ವರ್ಷ ಅವರು ಕಲಿತದ್ದು ಒಂದೇ, ಸೀಲು ಕೆಟ್ಟರೆ ಜನ ಸಾಯುತ್ತಾರೆ. ಈ ವರ್ಷ ಹೊಸ ಸೀಲು ಬಂತು, ತುಂಬಾ ಗಟ್ಟಿಯಂತೆ. ಹಾಗಾದರೆ ಅರ್ಧ ಗಂಟೆ ಯಾಕೆ ಕಾಯಬೇಕು ಅಂದರು. ಆರಿಕೆ ನಿಲ್ಲಿಸುವ ಬಗ್ಗೆ ತೀರ್ಮಾನಿಸಲು ಸಮಿತಿ ಹೊರಟಿತು. ಅನುಭವಸ್ಥೆ ಎಂದು ನನ್ನನ್ನೂ ಸಭೆಗೆ ಕರೆದರು.

ಸಭೆಗೆ ಮೊದಲು ಶೇರಿಗಾರರ ಮಗಳು ಯಮುನಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ನನ್ನ ಕೈಯಲ್ಲಿಟ್ಟಳು. ಅದೇ ಸೀಲು.

"ನೀವಾಗೇ ಬಂದ್ರೆ ಮಾತ್ರ ಕೊಡು ಅಂದಿದ್ರ್ ಅಪ್ಪಯ್ಯ" ಅಂದಳು. "ತಮ್ಮನ್ನ ಕಳ್ಕಂಡವ್ಳ ಹತ್ರ ಎಂತ ಜಗಳ ಅಂತಿದ್ರ್."

ನಾನು ಅವಳ ಜಗುಲಿಯಲ್ಲಿ ಕೂತು ಅತ್ತೆ. ಶೇರಿಗಾರರು ದೊಡ್ಡವರು. ಆದರೂ ಅವರು ಅವತ್ತು ಜಗಳ ಮಾಡಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಕೆಲವರು ನಂಬಿದರು. ಕೆಲವರು ಮುದುಕಿಗೆ ಅರಳು ಮರಳು ಅಂದರು. ಪಾರ್ವತಿಯ ಮಗ ಎದ್ದು ಹೊರಗೆ ಹೋದ, ಅವನು ನನ್ನ ಜೊತೆ ಮಾತಾಡುವ ದಿನ ಬರಲಾರದು. ಕೊನೆಗೆ ಆರಿಕೆಯನ್ನು ಒಂದು ವರ್ಷದ ಮಟ್ಟಿಗೆ ಉಳಿಸಿಕೊಂಡಿದ್ದಾರೆ. ಬರುವ ವರ್ಷ ಮತ್ತೆ ಸಭೆ. ಅಷ್ಟು ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ವರದಿಯಲ್ಲಿ ಮಾತ್ರ ಸೀಲು ಸೋರಿತು ಎಂಬ ಹಳೆಯ ಸಾಲು ಹಾಗೇ ಇದೆ.

ಆದ್ದರಿಂದ ಈ ಕಾಗದವನ್ನು ಶೆಡ್ಡಿನ ಗೋಡೆಯ ಗೂಡಿನಲ್ಲಿ, ಎಣ್ಣೆ ಬಟ್ಟೆ ಸುತ್ತಿ ಇಡುತ್ತಿದ್ದೇನೆ. ನಿಮ್ಮ ಕಾಲದ ಸೀಲು ಇನ್ನೂ ಚೆನ್ನಾಗಿರಬಹುದು. ಚೆನ್ನಾಗಿದೆ ಎಂದು ಯಾರಾದರೂ ಆರಿಕೆ ಬಿಡಲು ಹೇಳಿದರೆ ಈ ಕಾಗದವನ್ನು ಅವರಿಗೆ ಓದಿ ಹೇಳಿ. ಬಿಸಿಯಲ್ಲಿ ಇಳಿಸಲೇಬೇಕಾದ ದಿನ ಬಂದರೆ ಇಳಿಸಿ, ಅವತ್ತೇ ಹಬ್ಬು ಬಿಚ್ಚಿ, ಕೆಂಪು ಬಟ್ಟೆ ಕಟ್ಟಿದವಳನ್ನು ಮಾತಾಡಿಸಿ. ನನ್ನ ತಮ್ಮನನ್ನು ಬೈಯಬೇಡಿ. ನನ್ನನ್ನು ಬೈದುಕೊಳ್ಳಿ, ನನಗೆ ಕೇಳಿಸುವುದಿಲ್ಲ.

ಶೇರಿಗಾರರ ಸೀಲನ್ನು ಈ ಹಾಳೆಯ ಕೆಳಗೆ ದಾರ ಹಾಕಿ ಹೊಲಿದಿದ್ದೇನೆ. ಬಿಚ್ಚಿ ಬೆಳಕಿಗೆ ಹಿಡಿಯಿರಿ. ಬೆರಳಲ್ಲಿ ಸುತ್ತ ಬಗ್ಗಿಸಿ ನೋಡಿ. ಅದರಲ್ಲಿ ಎಲ್ಲೂ ಒಂದು ಬಿರುಕಿಲ್ಲ.