ಕಿಸೆಯಲ್ಲಿ ಪೆನ್ನಿದ್ದ ಕಾಕಾನಿಗೆ

ಶಂಭುಲಿಂಗ ಕಾಕಾ ಅವರಿಗೆ,

ಮೊದಲು ‘ತೀರ್ಥರೂಪ ಸಮಾನರಾದ’ ಎಂದು ಬರೆದಿದ್ದೆ. ನನಗೇ ನಗು ಬಂತು, ಹೊಡೆದುಹಾಕಿದೆ.

ನಿನ್ನೆ ಅವ್ವನ ಹತ್ತಿರ ಹೇಳಿಕಳಿಸಿದಿರಂತೆ: “ವೈನಿ, ನೀಲಾಂಬಿಕಾಗ ಹೇಳ್ರಿ, ದಿನಾ ಸಂಜಿಗೆ ಬಂದು ನಮ್ಮ ಲೋಹಿತಗ ಹತ್ತಿ ಕ್ರಾಸಿಂಗ್ ಕಲಿಸಿ ಹೋಗ್ಲಿ. ಮನಿಮಗಳಲ್ಲೇನು?” ಮನೆಮಗಳು! ಜೂನ್ ತಿಂಗಳಲ್ಲಿ ಈ ಸಂಬಂಧ ನಿಮಗೆ ನೆನಪಿರಲಿಲ್ಲ.

ಪಿಯುಸಿ ಓದುತ್ತಲೇ ಹಿರೇಕೆರೂರಿನ ಡಿಗ್ರಿ ಕಾಲೇಜಿನಲ್ಲಿ ಪ್ರತಿ ಶನಿವಾರ ಹತ್ತಿ ಬೀಜೋತ್ಪಾದನೆಯ ಕೋರ್ಸು ಮಾಡಬಹುದು, ಪಾಸಾದರೆ ಆ ಕ್ರೆಡಿಟ್ ಮುಂದೆ ಬಿಎಸ್ಸಿಗೆ ಸೇರುತ್ತದೆ ಎಂದು ಆಗ ಸುತ್ತೋಲೆ ಬಂದಿತ್ತು. ನಮ್ಮ ಪಿಯು ಕಾಲೇಜಿಗೆ ಒಂದೇ ಸೀಟು. ಆಡಳಿತ ಮಂಡಳಿಯ ಅಧ್ಯಕ್ಷರೆಂದು ನಿಮ್ಮ ಸಹಿ ಬೇಕಿತ್ತು. ಮೂರು ಸಲ ಬಂದೆ. ಎರಡು ಸಲ “ಪೆನ್ನು ಎಲ್ಲೈತೋ ಏನೋ” ಎಂದಿರಿ. ಪೆನ್ನು ನಿಮ್ಮ ಕಿಸೆಯಲ್ಲೇ ಇತ್ತು. ಮೂರನೆಯ ಸಲ ನಕ್ಕು, “ಹೊಲದಾಗ ಕ್ರಾಸಿಂಗ್ ಮಾಡೋ ಹುಡುಗಿಗೆ ಅದನ್ನ ಕಾಲೇಜಿನಾಗ ಯಾಕ ಕಲಿಸಬೇಕು?” ಎಂದಿರಿ. ಮರುದಿನ ಆ ಸೀಟು ನಿಮ್ಮ ಮಗನದಾಯಿತು. ಹತ್ತಿಯನ್ನು ಗಾದಿಯೊಳಗೆ ಬಿಟ್ಟು ಬೇರೆಲ್ಲೂ ಕಾಣದ ಲೋಹಿತನಿಗೆ!

ಆದರೂ ನಾನು ಹೋದೆ. ಪಾಠ ಮಾಡುವ ಜಯಾ ಮೇಡಂ ಕೊನೆಯ ಬೆಂಚಿನಲ್ಲಿ ಕೂರಲು ಬಿಟ್ಟರು. ಹಾಜರಿಯಲ್ಲಿ ನನ್ನ ಹೆಸರಿಲ್ಲ, ಪರೀಕ್ಷೆಗೂ ಇಲ್ಲ. ಹೆಸರಿಲ್ಲದೆ ಕೂರುವುದು ಎಷ್ಟು ನೋಯುತ್ತದೆಂದು ನಿಮಗೆ ತಿಳಿಯಲಿಕ್ಕಿಲ್ಲ. ನಿಮ್ಮ ಹೆಸರು ಕಾಲೇಜಿನ ನೀರಿನ ಟಾಕಿಯ ಮೇಲೂ ಇದೆ.

ಪ್ರಾಯೋಗಿಕ ಪರೀಕ್ಷೆ ನಡೆದದ್ದು ನಮ್ಮೂರಿನ ಹುಚ್ಚವ್ವನ ಹತ್ತಿ ಹೊಲದಲ್ಲಿ. ಕ್ರಾಸಿಂಗ್ ಮಾಡುವವರು ಹಿಂದಿನ ಸಂಜೆಯೇ ಹೋಗಿ ಮೊಗ್ಗು ಬಿಡಿಸಿ, ಕೇಸರ ತೆಗೆದು ಬರುತ್ತಾರೆ. ಬೆಳಿಗ್ಗೆ ಬೇರೆ ಗಿಡದ ಪರಾಗ ಸವರುತ್ತಾರೆ. ಇದು ನಮ್ಮ ಕಡೆ ಐದನೆಯ ತರಗತಿಯ ಹುಡುಗಿಗೂ ಗೊತ್ತು. ನಿಮ್ಮ ಕುಲದೀಪಕ ಸಂಜೆ ಬರಲೇ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಬೂಟು ಹಾಕಿಕೊಂಡು ಬಂದು, ಕೇಸರ ಹಾಗೇ ಇದ್ದ, ಪೂರ್ತಿ ಅರಳಿದ ಹೂವಿಗೆ ಪರಾಗ ಸವರುತ್ತ ನಿಂತ. ಹುಚ್ಚವ್ವ ನಕ್ಕಳು: “ಅಯ್ಯ ತಮ್ಮಾ, ಅದರ ಕೆಲಸ ಅದ ಮುಗಿಸಿಕೊಂಡೈತಿ. ನೀ ಯಾಕ ದಣೀತಿ?” ಫೇಲಾದ.

ಈಗ ಅವನಿಗೆ ನಾನು ಕಲಿಸಬೇಕು. ನಿಮ್ಮ ಧೈರ್ಯಕ್ಕೆ ಶರಣು, ಕಾಕಾ.

ಆದರೆ ನೀವು ಹೇಳಿಕಳಿಸುವ ಮೊದಲೇ ಲೋಹಿತ ಹೊಲಕ್ಕೆ ಬಂದಿದ್ದ, ನಿಮಗೆ ಹೇಳದೆ. ನಾನು ಮೊಗ್ಗು ಬಿಡಿಸುತ್ತಿದ್ದೆ. ಎರಡು ಸಾಲು ಮುಗಿಯುವವರೆಗೂ ನನ್ನ ಕೈಕೆಲಸ ನೋಡುತ್ತ ನಿಂತಿದ್ದ. ಆಮೇಲೆ, “ನಂಗ ಈ ಕೋರ್ಸ್ ಬ್ಯಾಡ ಅಂತ ಅಪ್ಪಗ ಹೇಳಿದ್ದೆ. ಕೇಳಲಿಲ್ಲ. ನಿನ್ನ ಮಾರಿ ನೋಡಾಕ ನಾಚಿಕಿ ಆಗ್ತೈತಿ ಅಕ್ಕ” ಎಂದು ಅತ್ತ. ಅವನನ್ನು ಬೈಯಲೆಂದು ಕೂಡಿಟ್ಟ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು.

ಫೇಲಾದದ್ದಕ್ಕೆ ಮುಂದಿನ ತಂಡದಲ್ಲಿ ಮತ್ತೆ ಸಿಗುವ ಸೀಟು ತನಗೆ ಬೇಡ, ನೀಲಾಂಬಿಕಾಗೆ ಕೊಡಿ ಎಂದು ಅವನು ಅರ್ಜಿ ಬರೆದುಕೊಟ್ಟಿದ್ದಾನೆ. ಜಯಾ ಮೇಡಂ ಒಪ್ಪಿದ್ದಾರೆ. ಸೋಮವಾರ ಕೊನೆಯ ದಿನ. ಇನ್ನು ಉಳಿದಿರುವುದು ನಿಮ್ಮ ಸಹಿ ಒಂದೇ.

ಅದಕ್ಕಾಗಿ ನಾಲ್ಕನೆಯ ಸಲ ನಿಮ್ಮ ಬಾಗಿಲಿಗೆ ನಾನು ಬರುವುದಿಲ್ಲ. ಈ ಪತ್ರವನ್ನೂ ಆ ಅರ್ಜಿಯನ್ನೂ ಲೋಹಿತನೇ ತಂದಿದ್ದಾನೆ. ಓದಿ ತಲೆ ಎತ್ತಿದರೆ ಎದುರಿಗೇ ಇರುತ್ತಾನೆ. ಪೆನ್ನು ಹುಡುಕುವ ತ್ರಾಸು ನಿಮಗೆ ಬೇಡ. ತನ್ನದನ್ನೇ ಮುಚ್ಚಳ ತೆಗೆದು ಹಿಡಿದಿರುತ್ತಾನೆ.

ಮಗನಿಗೆ ಬಂದಷ್ಟು ನಾಚಿಕೆ ಅಪ್ಪನಿಗೂ ಬರಲಿ ಎಂದು ಮನಸಾರೆ ಹಾರೈಸುವ,

ನಿಮ್ಮ ‘ಮನೆಮಗಳು’
ನೀಲಾಂಬಿಕಾ